ಮನಿಮಂದಿ ಎಲ್ಲಾರೂ ಬರ್ರಿ

“ಹಾಸ್ಟೆಲ್ ವಾರ್ಡನ್ ಆಗಾಕ ಲಂಡನ್‌ತನಕ ಬರಬೇಕಿತ್ತೇನೋ ತಮ್ಮಾ? ನಮ್ಮ ವಿಜಯಪುರದಾಗ ವಾರ್ಡನ್ ಅಂದ್ರ ಕೈಯಾಗ ಬೀಗದಕೈ ಗೊಂಚಲ, ಬಾಯಾಗ ನಾಕು ಬೈಗುಳ. ಮುಗೀತು!”

ರತ್ನವ್ವ ಇಷ್ಟು ಹೇಳಿ ಚಹಾದ ಕಪ್ಪನ್ನು ರುದ್ರೇಶನ ಮುಂದೆ ಕುಕ್ಕಿದಳು. ಈಸ್ಟ್ ಹ್ಯಾಮ್‌ನ ಆ ಮನೆಯ ಒಡತಿ ಆಕೆ. ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದವನು ಧಾರವಾಡದ ರುದ್ರೇಶ. ಅವನು ಓದುತ್ತಿದ್ದದ್ದು ವಿದ್ಯಾರ್ಥಿ ಕ್ಷೇಮದಲ್ಲಿ ಎಂ.ಎ. ಕಾಲೇಜಿಗೆ ಬಂದ ಮಕ್ಕಳು ಪಾಠದ ಹೊರಗೆ ಹೇಗಿದ್ದಾರೆ, ಉಂಡರೋ, ಅತ್ತರೋ, ಗೆಳೆಯರು ಸಿಕ್ಕರೋ ಎಂದು ನೋಡಿಕೊಳ್ಳುವ ನೌಕರಿಗೆ ತಯಾರು ಮಾಡುವ ಓದು. ಇದನ್ನು ಅಪ್ಪನಿಗೆ ಫೋನಿನಲ್ಲಿ ತಿಳಿಸಿ ಹೇಳಲು ಹೋಗಿ ಸೋತಿದ್ದ. ಅಪ್ಪ ಊರ ಮಂದಿಗೆಲ್ಲ “ಮಗ ಅಲ್ಲಿ ಏನೋ ದೊಡ್ಡದು ಓದಾಕತ್ಯಾನ” ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದರು.

“ವಾರ್ಡನ್ ಅಲ್ರಿ ಅವ್ವಾರ. ಇರಲಿ ಬಿಡ್ರಿ, ಇವತ್ತ ಸಂಜಿಗೆ ನನ್ನ ಹಣೇಬರಾ ತೀರ್ಮಾನ ಆಗ್ತದ.”

ಸಂಗತಿ ಇಷ್ಟೇ. ಓದಿನ ಭಾಗವಾಗಿ ಅವನಿಗೆ ಸ್ಟ್ರಾಟ್‌ಫರ್ಡ್‌ನ ಒಂದು ಹಾಸ್ಟೆಲಿನಲ್ಲಿ ತರಬೇತಿ. ಅಲ್ಲಿಯ ಮಕ್ಕಳು ಕೋಣೆ ಹೊಕ್ಕರೆ ಆಮೆ ಚಿಪ್ಪು ಹೊಕ್ಕ ಹಾಗೆ. ಎದುರು ಬಾಗಿಲಿನವರ ಹೆಸರು ಗೊತ್ತಿಲ್ಲ. ಅವರ ಒಂಟಿತನ ನೀಗಿಸಲಿಕ್ಕೆಂದೇ ಒಂದು ಕಾಯಂ ಹುದ್ದೆ ಬರುವುದಿತ್ತು. “ಮಂಜೂರಾದರೆ ಅದು ನಿನ್ನದೇ” ಎಂದು ಮೇಲಧಿಕಾರಿ ಮಿಸೆಸ್ ಬ್ಯಾಂಫೀಲ್ಡ್ ಮಾತು ಕೊಟ್ಟಿದ್ದಳು. ಆ ಸಂಜೆ ಡೈರೆಕ್ಟರ್ ಸಾಹೇಬರೇ ಬಂದು ಪರಿಸ್ಥಿತಿಯನ್ನು ಕಣ್ಣಾರೆ ನೋಡುವವರಿದ್ದರು. ಹಾಗೆಂದೇ ರುದ್ರೇಶ ಒಂದು ‘ಬೆರೆಯುವ ಸಂಜೆ’ ಏರ್ಪಡಿಸಿ, ಎಲ್ಲರಿಗೂ ಈಮೇಲ್ ಕಳಿಸಿದ್ದ.

“ಎಷ್ಟ ಮಂದಿ ಬರ್ತಾರ?”

“ಇಬ್ಬರು ಉತ್ತರಾ ಬರದಾರ್ರಿ. ಒಬ್ಬ ಪಿಜ್ಜಾ ಐತೇನು ಅಂತ ಕೇಳ್ಯಾನ. ಇನ್ನೊಬ್ಬಾಕಿ, ಇನ್ನಮ್ಯಾಲೆ ಈಮೇಲ್ ಕಳಿಸಬ್ಯಾಡ ಅಂದಾಳ.”

ಅಷ್ಟರಲ್ಲಿ ಚಹಾದ ವಾಸನೆ ಹಿಡಿದು ಮೇಲಿನ ಕೋಣೆಯ ನಿಜಲಿಂಗಪ್ಪ ಇಳಿದುಬಂದ. ಲಂಡನ್ನಿನಲ್ಲಿ ತಾನಿಲ್ಲದೆ ನಮ್ಮವರ ಒಂದು ಮದುವೆಯೂ ಆಗಿಲ್ಲ ಎಂದು ನಂಬಿದ ಕಲಬುರಗಿಯ ಮನುಷ್ಯ.

“ಲೇ ರುದ್ರ್ಯಾ, ಈಮೇಲ್‌ನಾಗ ಕರದ್ರ ಯಾರಲೇ ಬರ್ತಾರ? ನನ್ನ ಖಾಸಾ ತಮ್ಮ ವಾಟ್ಸಾಪ್‌ನಾಗ ಮಗಳ ಮದುವಿಗಿ ಕರದ. ನಾ ಹೋಗ್ಲಿಲ್ಲ. ಇವತ್ತಿಗೂ ಮಾತಿಲ್ಲ.”

“ಬಾಗಿಲಿಗೆ ಹೋಗಿ, ಅಕ್ಷತಿ ಕೊಟ್ಟು ಕರೀಬೇಕು,” ಎಂದಳು ರತ್ನವ್ವ.

“ಹಂಗೆಲ್ಲಾ ಅವರ ಬಾಗಿಲಾ ಬಡಿಯಾಕ ಬರಂಗಿಲ್ರಿ. ಅದು ಅವರ ಖಾಸಗಿ...”

“ಕದಾ ಹಾಕ್ಕೊಂಡು ಒಬ್ಬೊಬ್ಬರ ಕೂತು ಅಳೂದು ಎಂಥಾ ಖಾಸಗಿಯೋ? ಏಳು, ಗಿರ್ಮಿಟ್ ಕಲಸೂಣು, ಮಂಡಕ್ಕಿ ತುಂಬು!”

ತನ್ನವರೆಂಬ ಭಾವ ಹೇಗೆ ಬೆಳೆಯುತ್ತದೆ ಎಂಬುದರ ಮೇಲೆ ರುದ್ರೇಶ ದೊಡ್ಡ ಪ್ರಬಂಧವನ್ನೇ ಬರೆದಿದ್ದ. ಈಗ ಅದನ್ನು ಮೇಜಿನಿಂದ ಸರಿಸಿ ಮಂಡಕ್ಕಿ ಚೀಲಕ್ಕೆ ಜಾಗ ಮಾಡಿದ.

ಮಧ್ಯಾಹ್ನದ ಡಿಸ್ಟ್ರಿಕ್ಟ್ ಲೈನ್ ರೈಲಿನಲ್ಲಿ ಇಳಕಲ್ ಸೀರೆಯ ರತ್ನವ್ವ ಬೆಳ್ಳಿ ತಟ್ಟೆ ಹಿಡಿದು ಮದುವೆಯ ದಿಬ್ಬಣಕ್ಕೆ ಹೊರಟವಳಂತೆ ಕೂತಳು. ನಿಜಲಿಂಗಪ್ಪನ ತೊಡೆಯ ಮೇಲೆ ಮಂಡಕ್ಕಿ ಚೀಲ, ಹೆರಿಗೆ ಆಸ್ಪತ್ರೆಯಿಂದ ತಂದ ಕೂಸಿನ ಹಾಗೆ. ರುದ್ರೇಶ ತನಗೂ ಅವರಿಗೂ ಸಂಬಂಧವಿಲ್ಲದವನಂತೆ ದೂರ ನಿಂತಿದ್ದ. ರತ್ನವ್ವ ಕೂತಲ್ಲಿಂದಲೇ “ತಮ್ಮಾ, ಉಳ್ಳಾಗಡ್ಡಿ ತಂದಿ ಇಲ್ಲೋ?” ಎಂದು ಕೂಗಿದಳು.

ಹಾಸ್ಟೆಲಿನ ಕಾವಲುಗಾರ ಕೈ ಅಡ್ಡ ಚಾಚಿದ. ರತ್ನವ್ವ ಆ ಕೈಗೇ ಅಕ್ಷತೆ ಹಾಕಿ ಅವನನ್ನೇ ಮೊದಲು ಕರೆದಳು; ರುದ್ರೇಶ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಅವನು ಕೈ ನೋಡಿಕೊಂಡ, ಗಂಟಲು ಸರಿಮಾಡಿಕೊಂಡ, ಆಮೇಲೆ ಮೆಲ್ಲಗೆ, “ಹೆಂಡತಿಯನ್ನೂ ಕರೆತರಬಹುದಾ?” ಎಂದ.

ಮೊದಲ ಬಾಗಿಲು ತೆರೆದವನು ಕ್ಯಾಲಮ್ ಎಂಬ ಹುಡುಗ. ಮಧ್ಯಾಹ್ನವಾದರೂ ಕಣ್ಣಲ್ಲಿ ಇನ್ನೂ ನಿದ್ದೆ.

“ಸಂಜಿಗೆ ಬರಬೇಕಪಾ. ಮನಿಮಂದಿ ಎಲ್ಲಾರೂ ಬರ್ರಿ.”

ನಮ್ಮಲ್ಲಿ ಇದು ಮರ್ಯಾದೆಯ ಮಾತು, ಬರುವುದು ಮನೆಗೊಬ್ಬರೇ. ರುದ್ರೇಶ ಗಾಬರಿಯಲ್ಲಿ ಅದನ್ನು ಅಕ್ಷರಶಃ ಇಂಗ್ಲಿಷಿಗಿಳಿಸಿದ. ಕ್ಯಾಲಮ್ ಅಕ್ಷತೆಯನ್ನು ಬಾಯಿಗೆ ಹಾಕಿಕೊಂಡು ಕಟಂ ಎನ್ನಿಸಿ, “ಎಲ್ಲರೂನಾ? ನಿಜವಾಗಿ?” ಎಂದ. ಎರಡು ತಿಂಗಳಲ್ಲಿ ತನ್ನ ಬಾಗಿಲು ತಟ್ಟಿದವರು ಇವರೇ ಮೊದಲು ಎಂದೂ ಹೇಳಿದ. ರತ್ನವ್ವನಿಗೆ ಅರ್ಥವಾಗದಿದ್ದರೂ ಅವನ ಗಲ್ಲ ಸವರಿದಳು. ಹೀಗೇ ಬಾಗಿಲು ಬಾಗಿಲು, ಮಹಡಿ ಮಹಡಿ.

ಸಂಜೆಗೆ ‘ಎಲ್ಲರೂ’ ಬಂದರು. ಒಬ್ಬಳ ಜೊತೆ ಅವಳ ಅಜ್ಜಿ, ಇನ್ನೊಬ್ಬನ ಹಿಂದೆ ದೋಣಿ ಓಡಿಸುವ ತಂಡವೇ, ಕಾವಲುಗಾರನ ಹೆಂಡತಿ, ಆಕೆಯ ತಂಗಿ, ತಂಗಿಯ ಮೂರು ಮಕ್ಕಳು. ಹಾಲ್ ತುಂಬಿ ಮೆಟ್ಟಿಲಿಗೆ ಹರಿಯಿತು.

“ಗಿರ್ಮಿಟ್ ಮುಗೀತು!” ನಿಜಲಿಂಗಪ್ಪ ಯುದ್ಧಭೂಮಿಯ ದಳಪತಿಯಂತೆ ಕೂಗಿ, ಈಸ್ಟ್ ಹ್ಯಾಮ್‌ನ ಅಂಗಡಿಗೆಲ್ಲ ಫೋನು ಹಚ್ಚಿದ. ರತ್ನವ್ವ ಸಿಕ್ಕವರ ಕೈಗೆಲ್ಲ ಚಾಕು ಕೊಟ್ಟು ಉಳ್ಳಾಗಡ್ಡಿ ಹೆಚ್ಚಲು ಕೂರಿಸಿದಳು. ಇಷ್ಟು ದಿನ ಬೇರೆ ಬೇರೆ ಕೋಣೆಯಲ್ಲಿ ಅತ್ತವರು ಅಂದು ಒಂದೇ ಮೇಜಿನ ಸುತ್ತ ಕೂತು ಕಣ್ಣೀರು ಸುರಿಸಿದರು. ಒಬ್ಬರನ್ನೊಬ್ಬರು ನೋಡಿ ಬಿದ್ದು ಬಿದ್ದು ನಕ್ಕರು. ರುದ್ರೇಶ ಬಕೆಟ್ಟಿನಲ್ಲಿ ಮಂಡಕ್ಕಿ ಕಲಸುತ್ತ ಅದನ್ನೇ ನೋಡಿದ. ಅವನ ಎದೆ ಪೂರಿಯ ಹಾಗೆ ಉಬ್ಬಿತು.

ಡೈರೆಕ್ಟರ್ ಬಂದರು. ಮಡಚಿದ ಛತ್ರಿಯಂಥ ಮನುಷ್ಯ. “ಬೇಡ, ಬೇಡ” ಎನ್ನುತ್ತಲೇ ರತ್ನವ್ವನ ಕೈಯಿಂದ ಮೂರು ಸಲ ಹಾಕಿಸಿಕೊಂಡು ತಿಂದರು. ಕೊನೆಗೆ ಖಾರಕ್ಕೆ ಮೂಗು ಒರೆಸಿಕೊಳ್ಳುತ್ತ ಕುರ್ಚಿ ಹತ್ತಿದರು.

“ಇಂಥ ಹಾಸ್ಟೆಲ್ ನಾನು ಎಲ್ಲೂ ನೋಡಿಲ್ಲ! ಇದೆಲ್ಲ ಈ ತರುಣನ ಸಾಧನೆ!”

ಚಪ್ಪಾಳೆಗೆ ಕಿಟಕಿಗಳು ನಡುಗಿದವು. ಮಿಸೆಸ್ ಬ್ಯಾಂಫೀಲ್ಡ್ ಕಣ್ಣೊರೆಸಿಕೊಂಡಳು, ಉಳ್ಳಾಗಡ್ಡಿಗಲ್ಲ.

“ಆದ್ದರಿಂದ,” ಡೈರೆಕ್ಟರ್ ಮುಂದುವರಿಸಿದರು, “ಒಂಟಿತನ ನೀಗಿಸುವ ಹುದ್ದೆ ಇಲ್ಲಿಗೆ ಬೇಕಾಗಿಯೇ ಇಲ್ಲ! ಮಧ್ಯಾಹ್ನ ನಮ್ಮ ಕ್ರೋಯ್ಡನ್ ಹಾಸ್ಟೆಲಿಗೆ ಹೋಗಿದ್ದೆ. ಅಲ್ಲಿ ತರಬೇತಿಗಿರುವ ನಿನ್ನದೇ ತರಗತಿಯ ನಿತೀಶ ಖಾಲಿ ಹಾಲಿನಲ್ಲಿ, ಪಾಪ, ಒಬ್ಬನೇ ಕೂತು ಬಿಸ್ಕತ್ತು ತಿನ್ನುತ್ತಿದ್ದ. ಅಲ್ಲಿಯ ಪರಿಸ್ಥಿತಿ ಭೀಕರ. ಹುದ್ದೆ ಅಲ್ಲಿಗೆ, ಅವನಿಗೇ!”

ಹಿಂದೆ ನಿಂತವರಿಗೆ ಏನೂ ಕೇಳಿಸಲಿಲ್ಲ. ಅವರು ಹೋ ಎಂದು ಕೂಗಿ, ದೋಣಿ ತಂಡದ ಕೈಯಿಂದ ರುದ್ರೇಶನನ್ನು ಎತ್ತಿಸಿ, ಹಾಲಿನ ತುಂಬ ಮೆರೆಸಿಬಿಟ್ಟರು. ಇಳಿದಾಗ ರತ್ನವ್ವ ಎದುರಿಗೇ ನಿಂತಿದ್ದಳು.

“ಸಾಹೇಬ ಏನಂದ? ನೌಕರಿ ಸಿಕ್ತೇನು?”

“ನಿತೀಶಗ ಸಿಕ್ತ್ರಿ.”

“ಯಾಕ? ಅವನ ಕಡೆ ಇದಕ್ಕಿಂತ ಹೆಚ್ಚಿನ ಮಂದಿ ಬಂದಿದ್ರೇನು?”

“ಇಲ್ರಿ. ಒಬ್ಬರೂ ಬಂದಿದ್ದಿಲ್ಲಂತ.”

ರತ್ನವ್ವ ಸೆರಗು ಸಿಕ್ಕಿಸಿದಳು. “ಅಯ್ಯ, ಪಾಪ! ಹಂಗಾದ್ರ ಅವಂಗೂ ಒಂದ ಡಬ್ಬಿ ಕಟ್ಟೂಣು ತಡಿ.”

ಮುಂಬಾಗಿಲಲ್ಲಿ ಯಾವುದೋ ಬೇರೆ ಕಾಲೇಜಿನ ಹುಡುಗಿಯರ ಗುಂಪು ಒಂಟಿಕಾಲಲ್ಲಿ ನಿಂತು ಶೂ ಬಿಚ್ಚುತ್ತಿತ್ತು. ರುದ್ರೇಶ ಅಂಗಿಯ ತೋಳು ಮೇಲೇರಿಸಿಕೊಂಡು ಅವರಿಗೆ ಬಾಗಿಲು ಹಿಡಿಯಲು ಓಡಿದ.