ಸ್ಟೂಲು ತೆರವು ಮಾಡುವಂತೆ ದೊರೆಯವರಲ್ಲಿ ವಿನಂತಿ

ಗೆ,
ದೊರೆ ಎಂದು ಕರೆಯಲ್ಪಡುವ ಬೆಕ್ಕಿನವರು,
ಕೆಲಸದ ಮೇಜಿನ ಪಕ್ಕದ ಸ್ಟೂಲು,
ಸೋಫಾ ರಿಪೇರಿ ಅಂಗಡಿ, ನೆಲಮಹಡಿ.

ಮಾನ್ಯರೇ,

ತಮ್ಮ ಮೀಸೆ, ತಮ್ಮ ಬಾಲ ಹಾಗೂ ತಮ್ಮ ಮಧ್ಯಾಹ್ನದ ನಿದ್ದೆ ಕ್ಷೇಮವಾಗಿವೆ ಎಂದು ಭಾವಿಸಿ, ಅವುಗಳಲ್ಲಿ ಕೊನೆಯದಕ್ಕೆ ಆಗಬಹುದಾದ ಭಂಗಕ್ಕೆ ಮುಂಗಡವಾಗಿ ಕ್ಷಮೆ ಕೋರಿ ಈ ನಾಲ್ಕು ಸಾಲು ಬರೆಯುತ್ತಿದ್ದೇನೆ. ಲಕೋಟೆಯಲ್ಲಿಟ್ಟು ಕೊಟ್ಟರೆ ತಾವು ಅದರ ಮೇಲೆ ಮಲಗುತ್ತೀರೇ ಹೊರತು ತೆರೆಯುವುದಿಲ್ಲ ಎಂಬುದು ಕರೆಂಟ್ ಬಿಲ್ಲಿನ ವಿಷಯದಲ್ಲಿ ಈಗಾಗಲೇ ಸಾಬೀತಾಗಿರುವುದರಿಂದ, ಇದನ್ನು ಬಹಿರಂಗ ಪತ್ರವನ್ನಾಗಿಸಿ ಅಂಗಡಿಯ ಬಾಗಿಲಿಗೆ ಅಂಟಿಸಿದ್ದೇನೆ. ತಮ್ಮ ಕಣ್ಣಿಗೆ ಬೀಳುವ ಎತ್ತರದಲ್ಲಿ, ಅಂದರೆ ನನ್ನ ಮೊಣಕಾಲಿಗಿಂತ ಕೆಳಗೆ ಅಂಟಿಸಿರುವುದರಿಂದ, ಉಳಿದ ಸಾರ್ವಜನಿಕರು ದಯವಿಟ್ಟು ಬಗ್ಗಿ ಓದಬೇಕು.

ದೂರು ಬರೆಯುವ ಕ್ರಮವನ್ನು ನಾನು ನನ್ನ ಹೆಂಡತಿಯಿಂದಲೇ ಕಲಿತವನು. ನೀರು ಸರಬರಾಜು ಕಚೇರಿಯ ದೂರು ಕೌಂಟರಿನಲ್ಲಿ ಕೂತು ಊರಿನವರೆಲ್ಲರ ಬೈಗುಳ ಕೇಳುವ ಅವಳ ಅನುಭವದ ಪ್ರಕಾರ, ಬೈಗುಳದಿಂದ ಶುರುವಾಗುವ ಅರ್ಜಿ ಫೈಲಿನ ತಳ ಸೇರುತ್ತದೆ, ಹೊಗಳಿಕೆಯಿಂದ ಶುರುವಾಗುವ ಅರ್ಜಿಯನ್ನು ಕನಿಷ್ಠ ಅರ್ಧದವರೆಗಾದರೂ ಓದುತ್ತಾರೆ. ಆದ್ದರಿಂದ ಮೊದಲಿಗೆ ತಮ್ಮ ಗುಣಗಾನ. ನಾನು ಇಡೀ ದಿನ ಎಳೆದು ಬಿಗಿದು ಹೊದಿಸಿದ ವೆಲ್ವೆಟ್ಟಿನ ಗುಣಮಟ್ಟವನ್ನು ತಾವು ಒಂದೇ ಉಗುರಿನಿಂದ ಪರೀಕ್ಷಿಸಿ, ಗಿರಾಕಿ ಬರುವ ಮೊದಲೇ ಫಲಿತಾಂಶ ಪ್ರಕಟಿಸುತ್ತೀರಿ. ಹೊಸ ಕುಶನ್ನು ಮೆತ್ತಗಿದೆಯೇ ಎಂದು ತಿಳಿಯಲು ಗಿರಾಕಿಗಳು ಕೈಯಿಂದ ಒತ್ತಿ ನೋಡುತ್ತಾರೆ, ತಾವಾದರೋ ಮೈಯನ್ನೇ ಒಡ್ಡಿ, ಸಂಜೆಯವರೆಗೆ ಅಲ್ಲೇ ಬಿದ್ದುಕೊಂಡು, ತಮ್ಮ ರೋಮದ ರೂಪದಲ್ಲಿ ಪ್ರಮಾಣಪತ್ರವನ್ನೂ ಅಂಟಿಸಿ ಏಳುತ್ತೀರಿ. ಇಂಥ ನಿಷ್ಠೆ ಸಂಬಳ ತೆಗೆದುಕೊಳ್ಳುವವರಲ್ಲಿ ನನಗೆ ಕಂಡಿಲ್ಲ.

ಇನ್ನು ಸಂಗತಿಗೆ ಬರುತ್ತೇನೆ. ತಾವು ಈಗ ಮಲಗಿರುವ ಸ್ಟೂಲಿನ ಮೇಲೆ ಮೊದಲು ನನ್ನ ಹೆಂಡತಿ ಕೂರುತ್ತಿದ್ದಳು. ಕಚೇರಿಯಿಂದ ಬಂದವಳೇ ಚೀಲವನ್ನು ಮೊಳೆಗೆ ನೇತುಹಾಕಿ, ಕಾಲು ಚಾಚಿ, ಆ ದಿನ ಯಾರ ನಲ್ಲಿಯಲ್ಲಿ ನೀರಿನ ಬದಲು ಗಾಳಿ ಬಂತು, ಯಾರು ಖಾಲಿ ಕೊಡ ತಂದು ಕೌಂಟರಿನ ಮೇಲೆ ಕುಕ್ಕಿದರು, ಮೇಲಧಿಕಾರಿ ಯಾವ ಬಾಗಿಲಿನಿಂದ ತಪ್ಪಿಸಿಕೊಂಡರು ಎಂಬುದನ್ನೆಲ್ಲ ಸವಿಸ್ತಾರವಾಗಿ ಹೇಳುತ್ತಿದ್ದಳು. ನಾನು ಕೆಲಸ ಮಾಡುತ್ತಲೇ ಕೇಳುತ್ತಿದ್ದೆ. ಸೋಫಾ ಕೆಲಸದವರ ಒಂದು ಪದ್ಧತಿ ತಮಗೆ ತಿಳಿದೇ ಇದೆ: ಒಂದು ಕೈ ಬಟ್ಟೆಯನ್ನು ಎಳೆದು ಹಿಡಿದಿರುತ್ತದೆ, ಇನ್ನೊಂದು ಕೈಯಲ್ಲಿ ಸುತ್ತಿಗೆ ಇರುತ್ತದೆ, ಆದ್ದರಿಂದ ಮೊಳೆಗಳು ಬಾಯಲ್ಲಿರುತ್ತವೆ. ಬಾಯಿ ತುಂಬ ಮೊಳೆ ಇಟ್ಟುಕೊಂಡವನು ಲೋಕದ ಯಾವ ವಿಷಯಕ್ಕೂ ‘ಹ್ಞೂಂ’ ಎನ್ನುವುದಕ್ಕಿಂತ ಹೆಚ್ಚಿನ ಉತ್ತರ ಕೊಡಲಾರ. ನಮ್ಮ ಸಂಸಾರ ಈ ಹ್ಞೂಂಕಾರದ ಮೇಲೆ ಸುಖವಾಗಿಯೇ ನಡೆದಿತ್ತು ಎಂದು ನಾನು ತಿಳಿದಿದ್ದೆ.

ಅಷ್ಟರಲ್ಲಿ ತಾವು ಹಿತ್ತಿಲ ಗೋಡೆಯಿಂದ ಇಳಿದು ಬಂದಿರಿ. ತಾವು ಬಂದದ್ದಕ್ಕೆ ನನ್ನ ತಕರಾರಿಲ್ಲ. ಆದರೆ ತಮ್ಮ ಹಿಂದೆಯೇ, ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ ಪ್ರಾಣಿಗಳೊಡನೆ ಆತ್ಮಸಂವಾದ ನಡೆಸುವುದನ್ನು ಕಲಿಸುವ ಮಹಿಳೆಯೊಬ್ಬರು ನಮ್ಮ ಬದುಕಿಗೆ ಬಂದರು. ನನ್ನ ಹೆಂಡತಿ ಪ್ರತಿ ಭಾನುವಾರ ಅವರ ತರಗತಿಗೆ ಹೋಗಿ, ಕಣ್ಣು ಮುಚ್ಚಿ, ಉಸಿರು ನಿಧಾನ ಮಾಡಿ, ಪ್ರಶ್ನೆಯನ್ನು ಎದೆಯಲ್ಲಿಟ್ಟುಕೊಂಡು, ಉತ್ತರ ತಾನಾಗಿ ಬರುವವರೆಗೆ ಕಾಯುವುದನ್ನು ಕಲಿತಳು. ಅಲ್ಲಿಂದ ಮುಂದೆ ಸಂಜೆಯ ಹೊತ್ತು ಸ್ಟೂಲಿನ ಮೇಲೆ ತಾವು, ಎದುರಿನ ಚಾಪೆಯ ಮೇಲೆ ಅವಳು, ನಡುವೆ ಮೌನ. ನನಗೆ ಹ್ಞೂಂಗುಟ್ಟುವ ಕೆಲಸವೂ ಇಲ್ಲವಾಯಿತು. ಕಾರಣ ಕೇಳಿದ್ದಕ್ಕೆ ಅವಳು, ‘ದೊರೆ ನಾನು ಹೇಳೋದನ್ನ ಮುಖ ನೋಡಿ ಕೇಳುತ್ತೆ ಕಣ್ರೀ’ ಎಂದಳು. ಅಂದು ನನಗೆ ಹೊಟ್ಟೆಯುರಿದದ್ದು ನಿಜ. ಬೆಕ್ಕಿನ ಮೇಲೆ ಹೊಟ್ಟೆಕಿಚ್ಚು ಪಟ್ಟೆ ಎಂದು ಬಾಗಿಲಿಗೇ ಬರೆದು ಅಂಟಿಸಿಕೊಳ್ಳುವವನಿಗೆ ಇನ್ನು ಉಳಿಸಿಕೊಳ್ಳಬೇಕಾದ ಮಾನವೂ ಇಲ್ಲ.

ಮೌನದಲ್ಲಿ ತಾವು ವ್ಯಕ್ತಪಡಿಸಿದ ಅಭಿಪ್ರಾಯಗಳು ಅವಳ ಮೂಲಕ ಆಗಾಗ ನನಗೆ ತಲುಪತೊಡಗಿದವು. ಕಿಟಕಿಯ ಪರದೆ ಬದಲಾಯಿಸಬೇಕೆಂದು ತಾವು ಬಯಸಿದಿರಿ, ಬದಲಾಯಿಸಿದೆ. ನನ್ನ ಅಣ್ಣ ಬಂದಾಗಲೆಲ್ಲ ಗಂಟೆಗಟ್ಟಲೆ ಕೂರುವುದು ತಮ್ಮ ಚೈತನ್ಯಕ್ಕೆ ಒಗ್ಗುವುದಿಲ್ಲ ಎಂದಿರಿ, ಅವನಿಗೆ ಸೂಚ್ಯವಾಗಿ ಹೇಳಿ ಬೈಸಿಕೊಂಡೆ. ನಾನು ಹಾಕುವ ಹಳದಿ ಅಂಗಿ ತಮ್ಮ ಕಣ್ಣಿಗೆ ಹಿಂಸೆಯೆಂದಿರಿ, ಅದು ಈಗ ಮೇಜು ಒರೆಸುತ್ತಿದೆ. ತಮ್ಮ ಅಭಿಪ್ರಾಯಗಳೆಲ್ಲ ನನ್ನ ಹೆಂಡತಿಯ ಹಳೆಯ ಅಭಿಪ್ರಾಯಗಳನ್ನೇ ಹೋಲುತ್ತಿದ್ದುದು ಎರಡು ಉನ್ನತ ಆತ್ಮಗಳ ಸಾಮರಸ್ಯವೆಂದು ತಿಳಿದು ತಲೆಬಾಗಿದೆ.

ಆದರೂ ಅವಳು ತಮ್ಮಲ್ಲಿ ಏನೇನು ಹೇಳಿಕೊಳ್ಳುತ್ತಾಳೆ ಎಂಬ ಕುತೂಹಲ ತಡೆಯದೆ, ಮೊನ್ನೆ ಅವಳು ಕಚೇರಿಗೆ ಹೋದ ಮೇಲೆ ತಮ್ಮನ್ನು ಸಾಮಾನಿನ ಚೀಲದಲ್ಲಿ ಕೂರಿಸಿಕೊಂಡು ಔಷಧಿ ಅಂಗಡಿಯ ಮೆಟ್ಟಿಲು ಹತ್ತಿದೆ. ದಾರಿಯುದ್ದಕ್ಕೂ ತಾವು ಆಡಿದ ಮಾತಿಗೆ ಅನುವಾದದ ಅಗತ್ಯವಿರಲಿಲ್ಲ. ಗುರುಗಳು ತಮ್ಮನ್ನು ಎದುರಿಗೆ ಕೂರಿಸಿಕೊಂಡು, ಹಣೆ ಮುಟ್ಟಿ, ಕಣ್ಣು ಮುಚ್ಚಿದರು. ತಾವು ನನ್ನನ್ನು ಮನೆಯ ಯಜಮಾನನೆಂದಲ್ಲ, ಅಮ್ಮ, ಅಂದರೆ ನನ್ನ ಹೆಂಡತಿ, ತಮಗಿಂತ ಮೊದಲೇ ಸಾಕಿಕೊಂಡ ಯಾವುದೋ ದೊಡ್ಡ ಪ್ರಾಣಿಯೆಂದು ತಿಳಿದಿದ್ದೀರೆಂದೂ, ಈ ಪ್ರಾಣಿ ಕಬ್ಬಿಣ ಮೇಯುತ್ತದೆ, ಕೂಗುವುದು ಕಡಿಮೆ, ಕಚ್ಚುವುದಿಲ್ಲ ಎಂಬುದು ತಮ್ಮ ಗ್ರಹಿಕೆಯೆಂದೂ ತಿಳಿಸಿದರು. ನಾನು ನಗು ತಡೆದುಕೊಂಡೆ. ಆಮೇಲೆ ಅವರು, ಹೊಸ ಊರಿನ ಮನೆಗೆ ಹಿತ್ತಿಲಿಲ್ಲ ಎಂಬ ಚಿಂತೆ ತಮ್ಮನ್ನು ಕಾಡುತ್ತಿದೆ, ಜೊತೆಗೆ ಆ ದೊಡ್ಡ ಪ್ರಾಣಿಯೂ ಬರುತ್ತದೋ ಇಲ್ಲೇ ಉಳಿಯುತ್ತದೋ ಎಂಬುದೂ ತಮಗೆ ಸ್ಪಷ್ಟವಾಗಿಲ್ಲ ಎಂದರು. ಯಾವ ಹೊಸ ಊರು ಎಂದು ಕೇಳಿದೆ. ಗುರುಗಳು ತಟ್ಟನೆ ಕಣ್ಣು ಬಿಟ್ಟು ನನ್ನನ್ನೂ ತಮ್ಮನ್ನೂ ನೋಡಿ, ಇವತ್ತಿಗೆ ಸಂಪರ್ಕ ಕಡಿದುಹೋಯಿತು ಎಂದು ಹೇಳಿ ಕಿಟಕಿ ಮುಚ್ಚಲು ಎದ್ದರು.

ಅಂದು ಸಂಜೆ ಹೆಂಡತಿಯನ್ನು ನಾನೇ ಕೇಳಿದೆ. ನಿಜವಾಗಿತ್ತು. ದೊಡ್ಡ ಕಚೇರಿಯಲ್ಲಿ ದೂರು ವಿಭಾಗವನ್ನೇ ನೋಡಿಕೊಳ್ಳುವ ಹುದ್ದೆಗೆ ಅವಳಿಗೆ ಬಡ್ತಿ ಬಂದಿದೆ, ಹಗಲಿಡೀ ರೈಲಿನಲ್ಲಿ ಕೂತರೆ ಸಿಗುವಷ್ಟು ದೂರದ ಊರು, ಸೋಮವಾರದೊಳಗೆ ಒಪ್ಪಿಗೆ ತಿಳಿಸಬೇಕು. ತಮ್ಮನ್ನು ಕೇಳಿದಳಂತೆ, ತಾವು ಆಕಳಿಸಿದಿರಂತೆ. ಬಾಯಿ ಅಗಲವಾಗಿ ತೆರೆದರೆ ದಾರಿ ತೆರೆದಿದೆ ಎಂದರ್ಥ ಎಂದು ತರಗತಿಯಲ್ಲಿ ಹೇಳಿಕೊಟ್ಟಿದ್ದರಂತೆ. ತಾವು ದಿನಕ್ಕೆ ಎಷ್ಟು ಸಲ ಆಕಳಿಸುತ್ತೀರಿ ಎಂದು ಬಲ್ಲ ನನಗೆ, ಈ ಲೆಕ್ಕದಲ್ಲಿ ನಾವು ಇಷ್ಟು ಹೊತ್ತಿಗೆ ಭೂಮಂಡಲವನ್ನೇ ಸುತ್ತಿ ಬಂದಿರಬೇಕಿತ್ತಲ್ಲ ಅನ್ನಿಸಿತು. ನನಗೆ ಯಾಕೆ ಹೇಳಲಿಲ್ಲ ಎಂದು ದನಿ ಏರಿಸಿದೆ. ಅವಳು ಏರಿಸಲಿಲ್ಲ. ‘ನಿಮಗೇ ಮೊದಲು ಹೇಳಿದ್ದು. ನೀವು ದಂತವೈದ್ಯರ ಕುರ್ಚಿಗೆ ಮೊಳೆ ಹೊಡೀತಾ ಇದ್ರಿ’ ಎಂದಳು.

ಮಾನ್ಯರೇ, ಆ ಕುರ್ಚಿ ಇನ್ನೂ ಇಲ್ಲೇ ಇದೆ, ಅದರ ಬೆನ್ನು ಬಿಗಿಯಾಗಿ ಅಚ್ಚುಕಟ್ಟಾಗಿ ಬಂದಿದೆ, ನೋಡಿದರೆ ಮೈಯೆಲ್ಲ ಉರಿಯುತ್ತದೆ. ಅವಳು ಹೋಗುತ್ತಾಳೋ ಇಲ್ಲವೋ ಎಂಬುದು ಈಗ ಪ್ರಶ್ನೆಯಲ್ಲ, ಹೋಗಲೇಬೇಕು, ಅವಳಷ್ಟು ಚೆನ್ನಾಗಿ ಬೈಸಿಕೊಳ್ಳಬಲ್ಲವರು ಆ ಇಲಾಖೆಯಲ್ಲೇ ಇಲ್ಲ. ಪ್ರಶ್ನೆ ಇರುವುದು, ನಾನೂ ಬರಲಿ ಎಂದು ಅವಳಿಗೆ ಅನ್ನಿಸುತ್ತಿದೆಯೇ ಎಂಬುದು. ಕೇಳಲು ನನಗೆ ಹೆದರಿಕೆ. ಆದ್ದರಿಂದ ತಾವಾದರೂ ವಿಚಾರಿಸಿ ಹೇಳುವಿರೆಂದು, ಅವಳಿಲ್ಲದಾಗ ತಮ್ಮೆದುರು ಕಣ್ಣು ಮುಚ್ಚಿ, ಉಸಿರು ನಿಧಾನ ಮಾಡಿ, ಪ್ರಶ್ನೆಯನ್ನು ಎದೆಯಲ್ಲಿಟ್ಟುಕೊಂಡು ಕೂತೆ. ಉತ್ತರವಾಗಿ ನನಗೆ ಬಂದದ್ದು ಮೀನು ಎಂಬ ಒಂದೇ ಪದ. ಇದು ತಮ್ಮಿಂದ ಬಂತೋ, ಪಕ್ಕದ ಮನೆಯ ಬಾಣಲೆಯಿಂದ ಬಂತೋ ತಿಳಿಯಲಿಲ್ಲ.

ಹೀಗಾಗಿ ತಮ್ಮಲ್ಲಿ ನನ್ನ ಕೋರಿಕೆಗಳು ಇಂತಿವೆ. ತಮ್ಮ ಆಕಳಿಕೆ ಬರೀ ಆಕಳಿಕೆಯಾಗಿತ್ತು, ಅದರಲ್ಲಿ ಆಡಳಿತಾತ್ಮಕ ಸಲಹೆ ಏನೂ ಇರಲಿಲ್ಲ ಎಂದು ಪಂಜಾ ಒತ್ತಿ ಹೇಳಿಕೆ ಕೊಡಬೇಕು. ಮುಖ ನೋಡಿ ಕೇಳುವ ವಿದ್ಯೆಯನ್ನು ನನಗೂ ಕಲಿಸಬೇಕು, ಶಿಷ್ಯನಾಗಿ ಚಾಪೆಯ ಮೇಲೆ ಕೂರಲು ಸಿದ್ಧನಿದ್ದೇನೆ, ಅಗತ್ಯಬಿದ್ದರೆ ಬಾಲವೊಂದನ್ನು ವೆಲ್ವೆಟ್ಟಿನಲ್ಲಿ ಹೊಲಿದುಕೊಳ್ಳುತ್ತೇನೆ. ನಾನು ಅವಳೊಡನೆ ಮಾತಾಡುವಷ್ಟು ಹೊತ್ತು ಮೊಳೆಗಳನ್ನು ತಾವು ತಮ್ಮ ಬಾಯಲ್ಲಿಟ್ಟುಕೊಂಡು ಅಂಗಡಿ ನೋಡಿಕೊಳ್ಳಬೇಕು, ಯಾರು ಏನು ಕೇಳಿದರೂ ‘ಹ್ಞೂಂ’ ಎಂದರೆ ಸಾಕು, ಗಿರಾಕಿಗಳಿಗೆ ವ್ಯತ್ಯಾಸ ತಿಳಿಯಲಾರದು. ಇವು ಯಾವುವೂ ಸಾಧ್ಯವಿಲ್ಲವಾದರೆ, ಇವತ್ತು ಒಂದು ಸಂಜೆಯ ಮಟ್ಟಿಗೆ ಸ್ಟೂಲು ಬಿಟ್ಟುಕೊಡಿ. ಅವಳು ಬಂದು ಕೂರಲಿ. ನನಗೆ ಅವಳಲ್ಲಿ ಹೇಳಬೇಕಾದದ್ದೊಂದಿದೆ: ಹರಿದ ಸೋಫಾ ಎಲ್ಲ ಊರಲ್ಲೂ ಇರುತ್ತದೆ, ಸುತ್ತಿಗೆ ಚೀಲದಲ್ಲಿ ಹಿಡಿಸುತ್ತದೆ, ಕರೆದರೆ ನಾನು ಬರುತ್ತೇನೆ, ಕರೆಯದಿದ್ದರೂ ಬರಬೇಕೆಂದಿದ್ದೇನೆ.

ಸ್ಟೂಲಿನ ಮೇಲೆ ತಮಗಿರುವ ಹಕ್ಕನ್ನು ಎಂದೂ ಪ್ರಶ್ನಿಸದ, ಇವತ್ತು ಮಾತ್ರ ಪ್ರಶ್ನಿಸುತ್ತಿರುವ,

ತಮ್ಮ ವಿಶ್ವಾಸಿ,
ಕಬ್ಬಿಣ ಮೇಯುವ ದೊಡ್ಡ ಪ್ರಾಣಿ

ವಿ.ಸೂ.: ಈ ಪತ್ರ ಅಂಟಿಸಿದ ಮೇಲೆ ಬೀದಿಯವರೆಲ್ಲ ಬಗ್ಗಿ ಓದಿದರು, ತಾವು ಮಾತ್ರ ಅದರ ಕೆಳತುದಿಗೆ ಬೆನ್ನು ಉಜ್ಜಿಕೊಂಡು ಒಳಗೆ ಹೋದಿರಿ. ನನ್ನ ಹೆಂಡತಿಯೂ ಕಚೇರಿಯಿಂದ ಬಂದವಳು ಬಾಗಿಲ ಮುಂದೆ ಒಂದು ಗಳಿಗೆ ನಿಂತು, ಬಗ್ಗದೆ ಒಳಗೆ ಬಂದಳು. ಓದಲಿಲ್ಲವೇ ಎಂದು ಕೇಳಿದೆ. ‘ಬೆಕ್ಕಿಗೆ ಬರೆದ ಕಾಗದ ನಾನ್ಯಾಕೆ ಓದ್ಲಿ? ನಂಗೆ ಹೇಳೋದಿದ್ರೆ ನಂಗೇ ಹೇಳಿ’ ಎಂದಳು. ಹೇಳಿದೆ. ಕುರ್ಚಿ ಒಯ್ಯಲು ಬಂದಿದ್ದ ದಂತವೈದ್ಯರು ಬಾಗಿಲಲ್ಲೇ ನಿಂತಿದ್ದರು, ಅವರೆದುರಿಗೇ ಹೇಳಿದೆ. ಇನ್ನೊಂದು ಸಲ ಹೇಳಿ ಎಂದಳು, ಇನ್ನೊಂದು ಸಲವೂ ಹೇಳಿದೆ. ಆಮೇಲೆ ಅವಳು ಚಾಪೆಯ ಮೇಲೆ, ನಾನು ಅವಳ ಪಕ್ಕದಲ್ಲಿ, ಹೊಸ ಮನೆಯ ಬಾಡಿಗೆಯಿಂದ ಹಿಡಿದು ಹೊಸ ಅಂಗಡಿಯ ಬೋರ್ಡಿನ ಬಣ್ಣದವರೆಗೆ ಮಾತಾಡಿದೆವು. ತಾವು ಸ್ಟೂಲು ಬಿಟ್ಟುಕೊಡಲಿಲ್ಲ, ನಡುನಡುವೆ ಹಲವು ಬಾರಿ ಆಕಳಿಸಿದಿರಿ. ಅಷ್ಟು ಹೊತ್ತಿನಲ್ಲಿ ತಮ್ಮ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ ಎಂಬುದನ್ನು ಅತ್ಯಂತ ವಿನಯದಿಂದ ತಮ್ಮ ಗಮನಕ್ಕೆ ತರಬಯಸುತ್ತೇನೆ.