ಬೊಳ್ಳ ಒಪ್ಪಿದ ಸಂಬಂಧ

ಈಗಿನವರು ಬಹಳ ಒಳ್ಳೆಯವರು. ಒಬ್ಬರ ಮನೆಗೆ ಹೋಗುವಾಗ ನಾಯಿಯನ್ನೋ ಬೆಕ್ಕನ್ನೋ ಕರೆದುಕೊಂಡು ಹೋಗುವುದಿದ್ದರೆ ಮೊದಲೇ ಫೋನು ಮಾಡಿ ಕೇಳುತ್ತಾರೆ. ‘ಅಜ್ಜಿ, ನಮ್ಮ ರಾಜನನ್ನೂ ಕರ್ಕೊಂಡು ಬರಬಹುದಾ?’ ಎಂದು. ಮೊದಲ ಸಲ ಹಾಗೆ ಕೇಳಿದಾಗ ನಾನು ಊಟಕ್ಕೆ ಎಲೆ ಒಂದು ಜಾಸ್ತಿ ಕೊಯ್ದಿಟ್ಟಿದ್ದೆ. ರಾಜ ಬಂದು ಎಲೆಯನ್ನೇ ತಿಂದಿತು. ಪರವಾಗಿಲ್ಲ, ಕೇಳಿದ್ದಾರಲ್ಲ, ಅದು ದೊಡ್ಡದು. ಸಾಕಿದ ಪ್ರಾಣಿಯನ್ನು ಪರರ ಮನೆಗೆ ಕೊಂಡುಹೋಗುವ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಯಾರೂ ಕೇಳಿಲ್ಲ. ಆದರೆ ನನ್ನಷ್ಟು ಅನುಭವ ಇರುವವರು ಈ ಸೀಮೆಯಲ್ಲಿ ಇನ್ನೊಬ್ಬರು ಇರಲಾರರು. ಒಬ್ಬರು ಸಾಕಿದ ಪ್ರಾಣಿ ನಮ್ಮ ಮನೆಗೆ ಬಂದ ದಿನ ನನ್ನ ಮದುವೆ ತಪ್ಪಿಹೋಗುವುದರಲ್ಲಿತ್ತು.

ನಾನು ಹುಡುಗಿಯಾಗಿದ್ದದ್ದು, ನಾವು ಮದ್ರಾಸಿಗೆ ಸೇರಿದವರೋ ಮೈಸೂರಿಗೆ ಸೇರಿದವರೋ ಎಂದು ನನ್ನ ಅಜ್ಜಿಗೆ ಇನ್ನೂ ಸರಿಯಾಗಿ ಗೊತ್ತಾಗದಿದ್ದ ಕಾಲದಲ್ಲಿ. ಸುಳ್ಯದಿಂದ ನಮ್ಮ ಮನೆಗೆ ನಡೆದೇ ಬರಬೇಕಿತ್ತು. ಆಗ ಪ್ರಾಣಿಗಳು ಯಾರನ್ನೂ ಕೇಳದೆ ಬರುತ್ತಿದ್ದವು. ನಾಯಿ ಯಜಮಾನನ ಹಿಂದೆ ಬಂದು ಅಂಗಳದ ಆಚೆ ಕೂರುತ್ತಿತ್ತು. ಅದಕ್ಕೆ ಅಡಿಕೆ ಹಾಳೆಯ ತುಂಡಿನಲ್ಲಿ ಅನ್ನ ಬೀಳುತ್ತಿತ್ತು. ಬಂದ ನಾಯಿಗೂ ಮನೆಯ ನಾಯಿಗೂ ಜಗಳವಾದರೆ ಇಬ್ಬರು ಯಜಮಾನರೂ ತಮ್ಮ ತಮ್ಮ ನಾಯಿಗೇ ಬೈಯಬೇಕು. ಎದುರಿನವರ ನಾಯಿಗೆ ಬೈದರೆ ಅವರ ಮನೆಯ ಮುಂದಿನ ಮದುವೆಗೆ ಕರೆ ಬರುವುದಿಲ್ಲ. ಗುಡ್ಡೆಯ ಆಚೆಯ ಐಸಮ್ಮ ಮಜ್ಜಿಗೆಗೆಂದು ಬರುವಾಗ ಅವರ ಆಡು ಕೂಡ ಬರುತ್ತಿತ್ತು. ‘ಚಂದ ಉಂಟಲ್ಲ ಐಸಮ್ಮ ಆಡು’ ಎಂದು ಅಜ್ಜಿ ಹೇಳಿದರೆ, ‘ನಾನೇ ಸಾಕಿದ್ದಲ್ವಾ ಅಕ್ಕ’ ಎನ್ನುತ್ತಿದ್ದರು. ಅದೇ ಆಡು ನಮ್ಮ ಬಸಳೆ ಚಪ್ಪರಕ್ಕೆ ಬಾಯಿ ಹಾಕಿದರೆ, ‘ಎಂತ ಮಾಡುದು ಅಕ್ಕ, ಇದು ನನ್ನ ಗಂಡನ ಆಡು’ ಎನ್ನುತ್ತಿದ್ದರು. ಇನ್ನು ಬೆಕ್ಕಿನ ಮರಿಗಳನ್ನು ಯಾರೂ ತಂದಿದ್ದೇವೆ ಎಂದು ಹೇಳುವ ಕ್ರಮವೇ ಇರಲಿಲ್ಲ. ನೆಂಟರು ಬರುವಾಗ ಕೈಯಲ್ಲೊಂದು ಚೀಲ ಅಲ್ಲಾಡುತ್ತಿತ್ತು, ಹೋಗುವಾಗ ಚೀಲ ಸುಮ್ಮನಿರುತ್ತಿತ್ತು. ಸಂಜೆ ದನದ ಹಟ್ಟಿಯಲ್ಲಿ ಮಿಯಾಂವ್ ಎಂದು ಕೇಳಿದಾಗ ನಮಗೆ ಅವರು ಬಂದದ್ದರ ಉದ್ದೇಶ ತಿಳಿಯುತ್ತಿತ್ತು.

ಇದರಲ್ಲೆಲ್ಲ ಸೇರದ ಒಂದು ಪ್ರಾಣಿ ಕೋಳಿ. ಕೋಳಿಯನ್ನು ಒಬ್ಬರ ಮನೆಗೆ ಕೊಂಡುಹೋದರೆ ಅದಕ್ಕೆ ಒಂದೇ ಅರ್ಥ. ನಮ್ಮದು ಕೋಳಿ ತಿನ್ನುವ ಮನೆ. ಬೇಕಾದ ನೆಂಟರು ಬರುವಾಗ ಬಾಳೆಹಣ್ಣು ತರುತ್ತಿದ್ದರು, ತುಂಬ ಬೇಕಾದವರು ಕೋಳಿ ತರುತ್ತಿದ್ದರು. ಅದಕ್ಕೂ ಒಂದು ಕ್ರಮ ಉಂಟು. ತಂದವರು ಇದು ನಿಮಗೆ ಎಂದು ಹೇಳಬಾರದು, ಹೇಳಿದರೆ ದೊಡ್ಡಸ್ತಿಕೆ. ಸುಮ್ಮನೆ ಬಾಗಿಲಲ್ಲಿ ಮನೆಯ ಹೆಂಗಸಿನ ಕೈಗೆ ದಾಟಿಸಬೇಕು. ತೆಗೆದುಕೊಂಡವರು ಅದನ್ನು ಅವರೆದುರು ತಿರುಗಿಸಿ ನೋಡಬಾರದು, ನೋಡಿದರೆ ಆಸೆಬುರುಕತನ. ನೇರ ಒಳಗೆ ಕೊಂಡುಹೋಗಬೇಕು. ‘ಇದೆಲ್ಲ ಎಂತಕ್ಕೆ?’ ಎಂದು ಒಬ್ಬರು, ‘ಎಂತ ಇಲ್ಲ, ಸುಮ್ಮನೆ’ ಎಂದು ಇನ್ನೊಬ್ಬರು. ಅಷ್ಟಾದರೆ ಕೋಳಿಯ ಕಥೆ ಮುಗಿಯಿತು.

ನನ್ನನ್ನು ನೋಡಲು ಕಡಬದ ಕಡೆಯಿಂದ ಜನ ಬರುವುದೆಂದು ನಿಶ್ಚಯವಾಯಿತು. ಹುಡುಗನನ್ನು ನಾನು ಅದಕ್ಕೆ ಮೊದಲೇ ಒಮ್ಮೆ ಕಂಡಿದ್ದೆ. ನರಿಮೊಗರಿನಲ್ಲಿ ಒಂದು ಮದುವೆಯೂಟಕ್ಕೆ ಅವರು ಪಾಯಸ ಬಡಿಸುತ್ತಾ ಬಂದವರು, ನನ್ನ ಎಲೆಯ ಹತ್ತಿರ ನಿಂತು, ಬೇಕಾ ಎಂದು ಕೇಳದೆ ಎರಡು ಸೌಟು ಜಾಸ್ತಿ ಹಾಕಿ, ಏನೂ ಆಗದವರ ಹಾಗೆ ಮುಂದೆ ಹೋಗಿದ್ದರು. ಆಗಿನ ಕಾಲಕ್ಕೆ ಅದು ಬಹಳ ಆಯಿತು. ಇದು ಕೂಡಿಬರದಿದ್ದರೆ ಈಶ್ವರಮಂಗಲದ ಇನ್ನೊಂದು ಸಂಬಂಧ ಕಾದು ಕೂತಿತ್ತು. ಆ ಮನುಷ್ಯ ನಮ್ಮ ಮನೆಗೆ ಬಂದಿದ್ದಾಗ ಬೆಳಗ್ಗಿನಿಂದ ಸಂಜೆಯವರೆಗೆ ತಮ್ಮ ಅಜೀರ್ಣದ ವಿಷಯ ಒಂದನ್ನೇ ಮಾತಾಡಿದ್ದರು. ಅಪ್ಪನಿಗೆ ಅವರು ಗಂಭೀರ ಮನುಷ್ಯರಂತೆ ಕಂಡಿದ್ದರು. ಹಾಗಾಗಿ ಕಡಬದವರು ಹೂಂ ಎನ್ನಬೇಕು ಎಂದು ನಾನು ಕಾಣದ ದೇವರಿಗೆಲ್ಲ ಹೇಳಿಕೊಂಡಿದ್ದೆ. ಅವರ ಮನೆಯಲ್ಲಿ ಹೂಂ ಎನ್ನುವವರು ಒಬ್ಬರೇ, ಹುಡುಗನ ಸೋದರಮಾವ ಕುಶಾಲಪ್ಪನವರು. ಅವರು ಬೇಡ ಎಂದರೆ ಹುಡುಗನೂ ಇಲ್ಲ, ಪಾಯಸವೂ ಇಲ್ಲ.

ಆ ದಿನ ಕುಶಾಲಪ್ಪ ಮಾವ ಒಬ್ಬರೇ ಬಂದರು. ಬೆಳ್ಳಗಿನ ಪಂಚೆ, ಹೆಗಲಿಗೆ ಶಾಲು, ಎಡಗಂಕುಳಲ್ಲಿ ಒಂದು ಬಿಳಿ ಹುಂಜ. ಅರ್ಧ ದಾರಿ ಬಸ್ಸಿನಲ್ಲಿ ಬಂದಿದ್ದರಂತೆ. ಕೋಳಿಯನ್ನು ಬಸ್ಸಿನ ಮೇಲೆ ಹಾಕಿ ಎಂದು ಕಂಡಕ್ಟರ್ ಹೇಳಿದ್ದಕ್ಕೆ, ಹಾಗಾದರೆ ನಾನೂ ಮೇಲೆಯೇ ಕೂರುತ್ತೇನೆ ಎಂದರಂತೆ. ಅದು ಆಗುವುದಿಲ್ಲ ಎಂದಾಗ ಇಳಿದು ಉಳಿದ ದಾರಿ ನಡೆದಿದ್ದರು. ಇದೆಲ್ಲ ನಮಗೆ ಆಮೇಲೆ ತಿಳಿದದ್ದು. ಆಗ ತಿಳಿದದ್ದು, ಬಿಸಿಲಿಗೆ ಮುಖ ಕೆಂಪಾದ ಒಬ್ಬ ದೊಡ್ಡ ಮನುಷ್ಯರು ಕೋಳಿ ತಂದಿದ್ದಾರೆ ಎಂದು ಮಾತ್ರ. ಅಜ್ಜಿ ಕಾಲು ತೊಳೆಯಲು ಚೆಂಬಿನಲ್ಲಿ ನೀರು ಕೊಟ್ಟರು. ತುಂಬಿದ ಚೆಂಬಿಗೆ ಎರಡು ಕೈ ಬೇಕು. ಮಾವ ಆಚೀಚೆ ನೋಡಿ, ಬಾಗಿಲಲ್ಲಿ ನಿಂತಿದ್ದ ನನ್ನ ಚಿಕ್ಕಮ್ಮನ ಕೈಗೆ ಹುಂಜವನ್ನು ಕೊಟ್ಟರು. ಚಿಕ್ಕಮ್ಮ ಮರ್ಯಾದಸ್ಥೆ. ಅದರ ಮುಖ ಕೂಡ ನೋಡದೆ ನೇರ ಅಡಿಗೆಮನೆಗೆ ನಡೆದಳು.

‘ಇದೆಲ್ಲ ಎಂತಕ್ಕೆ ಮಾರಾಯ್ರೆ?’ ಎಂದರು ಅಜ್ಜಿ.

‘ಎಂತ ಇಲ್ಲ ಅಮ್ಮ, ಅದು ಹಾಗೆ ನನ್ನೊಟ್ಟಿಗೆ ಬಂದದ್ದು’ ಎಂದರು ಮಾವ, ಕಾಲು ತೊಳೆಯುತ್ತಾ.

ಎಷ್ಟು ವಿನಯ ಎಂದು ಅಜ್ಜಿಗೆ ಸಂತೋಷವಾಯಿತು. ಮಾವ ಚೆಂಬು ಕೆಳಗಿಟ್ಟು ಎರಡೂ ಕೈ ಚಾಚಿ ತಿರುಗಿದರು. ಅಲ್ಲಿ ಚಿಕ್ಕಮ್ಮ ಇರಲಿಲ್ಲ. ಕೈ ಚಾಚಿದ್ದು ಒರೆಸಿಕೊಳ್ಳಲಿಕ್ಕೆ ಎಂದು ಅಪ್ಪ ಅವರಿಗೆ ಬೈರಾಸು ಕೊಟ್ಟರು.

ನಾನು ಅಡಿಗೆಮನೆಯಲ್ಲಿ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದೆ. ಹುಂಜ ಒಳಗೆ ಬಂತು. ತಂದ ಕೋಳಿಗಳ ಕಾಲು ಕಟ್ಟಿರುತ್ತಾರೆ, ಇದರದ್ದು ಕಟ್ಟಿರಲಿಲ್ಲ. ಚಿಕ್ಕಮ್ಮ ನೆಲಕ್ಕೆ ಬಿಟ್ಟರೆ ಓಡಲೂ ಇಲ್ಲ. ಗಂಭೀರವಾಗಿ ನಡೆದುಹೋಗಿ, ಅಪ್ಪ ಊಟಕ್ಕೆ ಕೂರುವ ಮಣೆಯ ಮೇಲೆ ಹತ್ತಿ, ಕುಳಿತು, ನಮ್ಮಿಬ್ಬರ ಮುಖ ನೋಡಿತು. ಕಾಫಿ ಆಯಿತಾ ಎಂದು ಕೇಳುವ ಹಾಗೆ. ಅದರ ಜುಟ್ಟಿಗೆ ಎಣ್ಣೆ ಹಚ್ಚಿತ್ತು. ಕಾಲಿನ ಉಗುರಿಗೂ ಎಣ್ಣೆ.

‘ಎಣ್ಣೆ ಹಚ್ಚಿಯೇ ತಂದಿದ್ದಾರೆ ಪಾಪ’ ಎಂದಳು ಚಿಕ್ಕಮ್ಮ. ‘ಇನ್ನು ಸ್ವಲ್ಪ ಬಿಟ್ಟಿದ್ರೆ ಮಸಾಲೆಯೂ ಅವರೇ ಹಾಕ್ತಿದ್ರೋ ಎಂತದೋ.’

‘ಚಿಕ್ಕಮ್ಮ, ಇದು ಅವರು ಸಾಕಿದ ಕೋಳಿ.’

‘ಮತ್ತೆ? ಸಾಕದ ಕೋಳಿ ಉಂಟಾ ಲೋಕದಲ್ಲಿ?’

‘ಹಾಗಲ್ಲ. ಇದು ಕೊಡ್ಲಿಕ್ಕೆ ತಂದದ್ದಲ್ಲ. ವಾಪಸ್ ಕೊಟ್ಟುಬಿಡುವ.’

ಚಿಕ್ಕಮ್ಮ ಒಲೆಗೆ ಕಟ್ಟಿಗೆ ದೂಡುತ್ತಿದ್ದವಳು ಕೈ ನಿಲ್ಲಿಸಿದಳು. ‘ನಿಂಗೆ ತಲೆ ಸಮ ಉಂಟಾ ಗಿರಿಜ? ಹೆಣ್ಣು ನೋಡ್ಲಿಕ್ಕೆ ಬಂದವರು ಕೊಟ್ಟದ್ದನ್ನು ವಾಪಸ್ ಕೊಡುದು ಅಂದ್ರೆ ಸಂಬಂಧ ಬೇಡ ಅಂತ ಆಯ್ತು. ನಿನ್ನ ಅಪ್ಪ ನನ್ನನ್ನು ಬಾವಿಗೆ ಹಾಕ್ತಾರೆ.’

ಅವಳು ಹೇಳಿದ್ದು ಸರಿ. ನಮ್ಮಲ್ಲಿ ಹಾಗೆಯೇ. ಕೊಂದರೆ ಮಾವ ಬೇಡ ಎನ್ನುತ್ತಾರೆ, ಕೊಲ್ಲದೆ ಹಿಂದೆ ಕೊಟ್ಟರೆ ನಾವೇ ಬೇಡ ಎಂದ ಹಾಗಾಯಿತು. ಎರಡೂ ದಾರಿ ಈಶ್ವರಮಂಗಲಕ್ಕೇ ಹೋಗುತ್ತವೆ. ಅಷ್ಟರಲ್ಲಿ ಚಾವಡಿಯಿಂದ ಮಾವನ ಸ್ವರ ಕೇಳಿತು.

‘ಅದಕ್ಕೆ... ಸ್ವಲ್ಪ ನೀರು...’

‘ನೀವು ತಲೆಬಿಸಿ ಮಾಡ್ಬೇಡಿ’ ಎಂದರು ಅಜ್ಜಿ. ‘ನೀರು ಆಗಲೇ ಒಲೆಯ ಮೇಲೆ ಉಂಟು.’

ನಾನು ಬಾಗಿಲ ಸಂದಿನಿಂದ ನೋಡಿದೆ. ಮಾವ ಬೈರಾಸನ್ನು ಎದೆಗೆ ಒತ್ತಿ ಹಿಡಿದು ಕುಳಿತಿದ್ದರು. ತಂದದ್ದು ಉಡುಗೊರೆಯಲ್ಲ ಎಂದು ಹೇಳಿದರೆ ಹೆಣ್ಣು ನೋಡಲು ಬರಿಗೈಯಲ್ಲಿ ಬಂದ ಹಾಗಾಗುತ್ತದೆ, ಅವರ ಮನೆತನಕ್ಕೆ ಅದು ಸಾಧ್ಯವಿಲ್ಲ. ಅಪ್ಪ ಆ ಮುಖ ನೋಡಿ, ನಮ್ಮ ಮನೆ ಇವರಿಗೆ ಸಾಲಲಿಲ್ಲ ಎಂದು ತಿಳಿದು, ನಮ್ಮ ಗದ್ದೆಗಳ ಹೆಸರನ್ನು ಒಂದೊಂದಾಗಿ ಗಟ್ಟಿಯಾಗಿ ಹೇಳತೊಡಗಿದರು. ಮಾವನಿಗೆ ಒಂದೂ ಕೇಳಿಸಿದಂತೆ ಕಾಣಲಿಲ್ಲ. ಅವರ ಕಿವಿ ಇಡೀ ಅಡಿಗೆಮನೆಯಲ್ಲಿತ್ತು.

ಇಲ್ಲಿ ಒಂದು ವಿಷಯ ಹೇಳಬೇಕು. ನನಗೆ ಕೋಳಿ ಕಂಡರೆ ಆಗುವುದಿಲ್ಲ. ಸಾರಿನಲ್ಲಿ ಅಡ್ಡಿಯಿಲ್ಲ. ಜೀವ ಇರುವ ಕೋಳಿಯ ವಾಸನೆ, ಅದು ಕತ್ತು ಆಡಿಸುವುದು, ಒಂದು ಕಣ್ಣಿನಲ್ಲಿ ನೋಡಿ ಆಮೇಲೆ ಇನ್ನೊಂದು ಕಣ್ಣಿನಲ್ಲಿ ನೋಡುವುದು, ಇವನ್ನೆಲ್ಲ ನನ್ನಿಂದ ತಡೆಯಲು ಆಗುವುದಿಲ್ಲ. ಅಂದಿನವರೆಗೆ ನಾನು ಕೋಳಿಯನ್ನು ಮುಟ್ಟಿದವಳಲ್ಲ. ಆದರೆ ಚಿಕ್ಕಮ್ಮ ಮೆಟ್ಟುಕತ್ತಿ ತರಲು ಹಿಂದಿನ ಜಗಲಿಗೆ ಹೋದಳು. ನಾನು ಪಾಯಸವನ್ನು ನೆನೆದು, ಉಸಿರು ಕಟ್ಟಿ, ಹುಂಜವನ್ನು ಎತ್ತಿ ಎಡಗಂಕುಳಿಗೆ ಸೇರಿಸಿದೆ. ಬಲಗೈಯಲ್ಲಿ ಕಾಫಿಯ ಲೋಟ ಹಿಡಿದೆ. ಹೆಣ್ಣು ತೋರಿಸುವಾಗ ಹುಡುಗಿ ತಲೆ ತಗ್ಗಿಸಿ ಬಂದು, ಕಾಫಿ ಕೊಟ್ಟು, ಒಂದು ಮಾತಾಡದೆ ಒಳಗೆ ಹೋಗಬೇಕು. ನಾನು ತಲೆ ತಗ್ಗಿಸಿಯೇ ಹೋದೆ. ಅದು ಕ್ರಮಕ್ಕಲ್ಲ, ಹುಂಜದ ಕೊಕ್ಕಿನ ಮೇಲೆ ಒಂದು ಕಣ್ಣಿರಲಿ ಎಂದು.

‘ಒಳಗೆ ಹೊಗೆ ಜಾಸ್ತಿ’ ಎಂದೆ. ‘ಇವರು ಇಲ್ಲೇ ಕೂತ್ಕೊಳ್ಳಲಿ. ಇವರಿಗೆ ಎಂತ ಕೊಡುದು, ಅಕ್ಕಿಯಾ ಅನ್ನವಾ?’

ಹುಂಜಕ್ಕೆ ಇವರು ಎಂದದ್ದು ಗಾಬರಿಯಲ್ಲಿ. ಬಂದ ನೆಂಟರ ಬಗ್ಗೆ ಹೇಗೆ ಮಾತಾಡಬೇಕೆಂದು ಅಜ್ಜಿ ಕಲಿಸಿದ್ದರೋ ಅದೇ ಬಾಯಿಗೆ ಬಂತು. ಅಪ್ಪ ಗದ್ದೆಯ ಹೆಸರಿನ ನಡುವೆ ನಿಂತರು. ಅಜ್ಜಿ ನನ್ನನ್ನು ನೋಡಿದ ನೋಟ ಈಗಲೂ ನೆನಪುಂಟು. ಆದರೆ ಕುಶಾಲಪ್ಪ ಮಾವ ಎದ್ದು ನಿಂತೇಬಿಟ್ಟರು.

‘ಬೊಳ್ಳಾ!’ ಎಂದರು. ಅದರ ಹೆಸರು ಬೊಳ್ಳ.

ಅವರು ಕೈ ಚಾಚಿದರು. ಬೊಳ್ಳ ಹೋಗಲಿಲ್ಲ. ನನ್ನ ಕಂಕುಳಲ್ಲೇ ಉಳಿಯಿತು. ಅದರ ಉಗುರು ನನ್ನ ಸೀರೆಯ ಅಂಚಿನ ನೂಲಿಗೆ ಸಿಕ್ಕಿತ್ತು, ಬಿಡಿಸಿಕೊಳ್ಳಲು ಅದಕ್ಕೂ ಆಗುತ್ತಿರಲಿಲ್ಲ, ನನಗೂ ಆಗುತ್ತಿರಲಿಲ್ಲ. ಮಾವನ ಕಣ್ಣಲ್ಲಿ ನೀರು ಬಂತು. ‘ನೋಡಿ ಮಾರಾಯ್ರೆ’ ಎಂದರು ಅಪ್ಪನಿಗೆ, ‘ನನ್ನ ಹೆಂಡತಿ ಕೈಯಲ್ಲಿ ಒಂದು ಗಳಿಗೆ ನಿಲ್ಲುದಿಲ್ಲ ಇದು. ನಿಮ್ಮ ಮಗಳನ್ನು ಬಿಡ್ಲಿಕ್ಕೇ ಕೇಳುದಿಲ್ಲ.’ ಆಮೇಲೆ ನನ್ನ ಕಡೆ ತಿರುಗಿ, ‘ನಿಂಗೆ ಕೋಳಿ ಅಂದ್ರೆ ಇಷ್ಟವಾ ಮಗಾ?’ ಎಂದು ಕೇಳಿದರು.

‘ಜೀವ’ ಎಂದೆ. ಉಸಿರು ಕಟ್ಟಿದ್ದರಿಂದ ಅದಕ್ಕಿಂತ ಉದ್ದದ ಮಾತು ಬರುವಂತಿರಲಿಲ್ಲ.

ಅಲ್ಲಿಂದ ಊಟದವರೆಗೆ ಮಾವ ಬೊಳ್ಳನ ಚರಿತ್ರೆ ಹೇಳಿದರು. ಹುಂಜಗಳನ್ನು ಕಾದಾಡಿಸುವ ಕೋಳಿ ಅಂಕಕ್ಕೆಂದು ಸಾಕಿದ್ದಂತೆ. ಮೊದಲ ಅಂಕದಲ್ಲಿ ಎದುರಿನ ಹುಂಜವನ್ನು ಒಮ್ಮೆ ನೋಡಿ, ತಿರುಗಿ ಬಂದು, ಮಾವನ ಹೆಗಲೇರಿ ಕುಳಿತಿತಂತೆ. ಊರವರೆಲ್ಲ ನಕ್ಕರೂ ಮಾವನಿಗೆ ಮಾತ್ರ ಅದು ಬುದ್ಧಿಯ ಲಕ್ಷಣವಾಗಿ ಕಂಡಿತು. ಅಂದಿನಿಂದ ಬೊಳ್ಳನನ್ನು ಮನೆಯಲ್ಲಿ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಬಿಟ್ಟರೆ ಹೆಂಡತಿಯ ತಮ್ಮಂದಿರು ಅದೇ ದಿನ ಊಟಕ್ಕೆ ಬರುತ್ತಾರೆ. ನಮ್ಮಲ್ಲೂ ಕೋಳಿಯಿಲ್ಲದೆ ನೆಂಟರಿಗೆ ಊಟ ಹಾಕುವಂತಿಲ್ಲವಲ್ಲ, ಚಿಕ್ಕಮ್ಮ ಸೆರಗು ಸಿಕ್ಕಿಸಿಕೊಂಡು ನಮ್ಮದೇ ಒಂದು ಹೇಂಟೆಯನ್ನು ಬೈಹುಲ್ಲಿನ ಮೆದೆಯ ಸುತ್ತ ಅಟ್ಟಿಸಿ ಹಿಡಿದಳು. ಸಾರನ್ನು ಮಾವ ತಿನ್ನುತ್ತಾರೋ ಇಲ್ಲವೋ ಎಂದು ನಮಗೆ ಹೆದರಿಕೆ ಇತ್ತು. ಎರಡು ಸಲ ಹಾಕಿಸಿಕೊಂಡರು. ಆದರೆ ಮಣೆಯನ್ನು ಸ್ವಲ್ಪ ತಿರುಗಿಸಿ, ಬೊಳ್ಳನಿಗೆ ಬೆನ್ನು ಹಾಕಿ ಕುಳಿತು ಉಂಡರು. ಅಷ್ಟು ಮರ್ಯಾದೆ ಅವರಿಗೆ ಗೊತ್ತಿತ್ತು.

ಮನೆಗೆ ಹೋದ ಮೇಲೆ ಅವರ ಅಕ್ಕ, ಅಂದರೆ ಮುಂದೆ ನನ್ನ ಅತ್ತೆಯಾದವರು, ‘ಹುಡುಗಿ ಹೇಗುಂಟು?’ ಎಂದು ಕೇಳಿದರಂತೆ.

‘ಬೊಳ್ಳ ಒಪ್ಪಿದೆ’ ಎಂದರಂತೆ ಮಾವ.

‘ಅದಲ್ಲ ಮಾರಾಯ, ಕಣ್ಣು ಮೂಗು?’

‘ಎಲ್ಲ ಇರ್ಬೇಕು.’

ಹೀಗೆ ನನ್ನ ಮುಖವನ್ನು ಸರಿಯಾಗಿ ನೋಡದೆಯೇ ಸಂಬಂಧ ಗಟ್ಟಿಯಾಯಿತು. ಮದುವೆಗೆ ಬೇರೆಯವರೆಲ್ಲ ತಪ್ಪಲೆ, ಚೆಂಬು ಕೊಟ್ಟರು. ಕುಶಾಲಪ್ಪ ಮಾವ ಬೊಳ್ಳನ ಸಂತಾನದ ಒಂದು ಹುಂಜ ಮತ್ತು ಮೂರು ಹೇಂಟೆಗಳನ್ನು ತಂದು, ಬುಟ್ಟಿಯನ್ನು ನನ್ನ ಮಡಿಲಲ್ಲೇ ಇಟ್ಟರು. ಪಕ್ಕದಲ್ಲಿ ಕುಳಿತಿದ್ದ ಹೊಸ ಗಂಡ ನನ್ನನ್ನು ಬಹಳ ಮೆಚ್ಚುಗೆಯಿಂದ ನೋಡಿದರು. ಮದುವೆಯಾಗಿ ವಾರವಾಗಿರಲಿಲ್ಲ, ತಾವೇ ಕೂತು ಒಂದು ಕೋಳಿಗೂಡು ಕಟ್ಟಿದರು. ಎಲ್ಲಿ? ನಮ್ಮ ಕೋಣೆಯ ಕಿಟಕಿಯ ಕೆಳಗೆ. ‘ಬೆಳಿಗ್ಗೆ ಎದ್ದ ಕೂಡ್ಲೇ ನಿಂಗೆ ಕಾಣ್ಲಿ ಅಂತ’ ಎಂದರು. ಚಂದ ಉಂಟು ಎಂದೆ. ಗಂಡನ ಕಡೆಯ ನೆಂಟರು ನಮ್ಮಲ್ಲಿಗೆ ಬರುವಾಗ ಬಾಳೆಹಣ್ಣು ತಂದವರಿಲ್ಲ, ಎಲ್ಲರದೂ ಕೋಳಿ ಮರಿಗಳೇ. ಒಂದು ತೀರಿದರೆ ನನಗೆ ದುಃಖವಾದೀತೆಂದು ಇವರು ನಾನು ಏಳುವ ಮೊದಲೇ ಹೋಗಿ ಅದೇ ಬಣ್ಣದ ಇನ್ನೊಂದನ್ನು ತಂದು ಬಿಡುತ್ತಿದ್ದರು. ನಿಜ ಹೇಳಲು ನಾನು ಒಮ್ಮೆ ಹೊರಟದ್ದುಂಟು. ಅಂದು ನೋಡಿದರೆ ಇವರು ಸೀಕಾದ ಒಂದು ಮರಿಯನ್ನು ತಮ್ಮ ಹೊಸ ಬೈರಾಸಿನಲ್ಲಿ ಸುತ್ತಿ, ಒಲೆಯ ಹತ್ತಿರ ಕುಳಿತು ಕಾಯಿಸುತ್ತಿದ್ದರು, ನನಗೋಸ್ಕರ. ನಾನು ಹೋಗಿ ಪಕ್ಕದಲ್ಲಿ ಕುಳಿತು, ಗುಣ ಆಗ್ತದೆ ಬಿಡಿ ಎಂದೆ.

ಮೊನ್ನೆ ಮೊಮ್ಮಗಳು ನನಗೆ ಈ ಫೋನಿನಲ್ಲಿ ಅಕ್ಷರ ಒತ್ತಲು ಕಲಿಸಿದಳು. ಇವರಿಗೆ ಈಗ ಕಣ್ಣು ಮಂಜು, ಇಷ್ಟು ಸಣ್ಣ ಅಕ್ಷರ ಓದಲು ಆಗುವುದಿಲ್ಲ. ಆ ಧೈರ್ಯದ ಮೇಲೆ ಇಷ್ಟೆಲ್ಲ ಬರೆದಿದ್ದೇನೆ. ಈಗಷ್ಟೇ ಹತ್ತಿರ ಬಂದು, ‘ಎಂತ ಬರೆಯುದು ಅಷ್ಟು ಹೊತ್ತಿನಿಂದ?’ ಎಂದು ಕೇಳಿದರು.

‘ಕೋಳಿಯ ಬಗ್ಗೆ’ ಎಂದೆ.

‘ಗೊತ್ತುಂಟು ನಂಗೆ. ನಿಂಗೆ ಅದು ಬಿಟ್ರೆ ಬೇರೆ ಲೋಕ ಉಂಟಾ?’ ಎಂದು ನಕ್ಕು, ಗೂಡಿನ ಬಾಗಿಲು ಹಾಕಿ ಬರುತ್ತೇನೆಂದು ಕೋಲು ಊರಿಕೊಂಡು ಅಂಗಳಕ್ಕೆ ಇಳಿದರು.