ಪಂಚಾಂಗ ನೋಡದ ಹೆಜ್ಜಾರ್ಲೆಗೆ

ಬೂಕನಕೆರೆ, ಮೇ ೧೯೯೭

ರಂಗನತಿಟ್ಟಿನ ನಡುಗಡ್ಡೆಯಲ್ಲಿ ಸಕುಟುಂಬವಾಗಿ ನೆಲೆಸಿರುವ, ಕೊಕ್ಕಿನಡಿ ಚೀಲವನ್ನೇ ಕಟ್ಟಿಕೊಂಡಿರುವ ಮಾನ್ಯ ಹೆಜ್ಜಾರ್ಲೆಯವರೇ,

ತಾವೂ ಮರಿಗಳೂ ಕ್ಷೇಮವೆಂದೂ ಕಾವೇರಿಯಲ್ಲಿ ಮೀನಿಗೆ ಕೊರತೆಯಿಲ್ಲವೆಂದೂ ನಂಬಿ, ಇಲ್ಲಿನ ಪ್ರಾಥಮಿಕ ಶಾಲೆಯ ಮೇಷ್ಟ್ರೂ, ಹಸು ಕೊಳ್ಳುವುದರಿಂದ ಕೊಳವೆಬಾವಿ ಕೊರೆಸುವವರೆಗೆ ಊರವರಿಗೆಲ್ಲ ಪಂಚಾಂಗ ತೆಗೆದು ಒಳ್ಳೆಯ ದಿನ ಹೇಳುವವನೂ ಆದ ಹೊನ್ನಪ್ಪನು ಸಲ್ಲಿಸುವ ವಿನಯಪೂರ್ವಕ ದೂರು ಇದು.

ನನ್ನ ಮಗಳು ಸಹನ ಐದನೇ ತರಗತಿಯಲ್ಲಿದ್ದಾಗ ತಮ್ಮ ಚಿತ್ರ ಬರೆದು ತಂದಳು. ನಿಜವಾದದ್ದನ್ನೇ ತೋರಿಸುತ್ತೇನೆಂದು ಮಾತು ಕೊಟ್ಟೆ. ಹೊರಡಲು ದಿನ ನೋಡಬೇಕಲ್ಲ? ತಮ್ಮ ವಾಸಸ್ಥಾನವೋ ನಮ್ಮೂರಿಗೆ ನೆಟ್ಟಗೆ ಪೂರ್ವವೂ ಅಲ್ಲ, ದಕ್ಷಿಣವೂ ಅಲ್ಲ, ಎರಡರ ನಡುವೆ. ಹಾಗಾಗಿ ಪೂರ್ವಕ್ಕೆ ಹೋಗಬಾರದ ಸೋಮವಾರ, ಶನಿವಾರಗಳೂ ದಕ್ಷಿಣಕ್ಕೆ ಹೋಗಬಾರದ ಗುರುವಾರವೂ ಒಟ್ಟಿಗೇ ಕೈಬಿಟ್ಟವು. ಮಂಗಳವಾರ ಹೊರಡುವಂತಿಲ್ಲ, ಶುಕ್ರವಾರ ಹೆಣ್ಣುಮಗಳನ್ನು ಹೊಸಿಲು ದಾಟಿಸುವಂತಿಲ್ಲ, ಭಾನುವಾರ ಬೇರೆಯವರಿಗೆ ದಿನ ನೋಡಿಕೊಡುವಷ್ಟರಲ್ಲೇ ನನಗೆ ಹೊತ್ತು ಮುಳುಗುತ್ತದೆ. ಉಳಿದ ಬುಧವಾರ ಶಾಲೆ. ರಜದ ಬುಧವಾರಗಳಲ್ಲಿ ಒಂದಕ್ಕೆ ಅಮಾವಾಸ್ಯೆ, ಇನ್ನೊಂದಕ್ಕೆ ದಾಯಾದಿಗಳ ಸೂತಕ. ಐದು ವರ್ಷದಲ್ಲಿ ಒಂದೇ ಒಂದು ಶುದ್ಧ ಬುಧವಾರ ದಸರಾ ರಜದಲ್ಲಿ ಸಿಕ್ಕಿ ನಾವು ಬಂದರೆ, ಹೊಳೆ ತುಂಬಿ ದೋಣಿ ನಿಂತಿತ್ತು, ತಾವು ಮರಿಗಳನ್ನು ಹಾರಿಸಿಕೊಂಡು ಹೊರಟುಹೋಗಿದ್ದಿರಿ. ಅಷ್ಟು ದೊಡ್ಡ ಬಾಯಿರುವವರು ಒಂದು ಮಾತು ತಿಳಿಸಬಹುದಿತ್ತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಎಸ್ಸೆಸ್ಸೆಲ್ಸಿ ಮುಗಿಸಿದ ಸಹನ, ಈ ತಿಂಗಳ ಮೊದಲ ಸೋಮವಾರ, ತುಂಬಿದ ರಾಹುಕಾಲದಲ್ಲಿ, ನನ್ನ ತಾಯಿ ಬೆಟ್ಟಮ್ಮನ ಜೊತೆ ಎಂಟು ಗಂಟೆಯ ಬಸ್ಸು ಹತ್ತಿದಳು. ನಾನು ಅಡ್ಡ ನಿಂತದ್ದಕ್ಕೆ ನನ್ನ ತಾಯಿ, "ಹಕ್ಕಿಗ್ಯಾವ ರಾವುಕಾಲ ಕಣ್ಲಾ? ನೀನಿಂಗೇ ಲೆಕ್ಕ ಹಾಕ್ಕಂಡ್ ಕುಂತಿರು, ಹೆಣ್ಮಗ ಮದ್ವೆಯಾಗಿ ಹೊಂಟೋಯ್ತದೆ" ಎಂದರು. ಶಾಸ್ತ್ರದ ಪ್ರಕಾರ ಪಾಂಡವಪುರ ದಾಟುವುದರೊಳಗೆ ಬಸ್ಸು ಕೆಡಬೇಕಿತ್ತು. ಕೆಡಲಿಲ್ಲ, ಕಿಟಕಿ ಪಕ್ಕದ ಸೀಟೂ ಸಿಕ್ಕಿತಂತೆ. ತಾವಾದರೂ ನನ್ನ ಮರ್ಯಾದೆ ಉಳಿಸಲು ಎಲ್ಲಾದರೂ ಮರೆಯಾಗಬಹುದಿತ್ತು. ಅದು ಬಿಟ್ಟು, ದೋಣಿಗೆ ಹತ್ತಿರದ ಕೊಂಬೆಯಲ್ಲೇ ಕುಳಿತು, ತಮ್ಮ ಗಂಟಲಿಗೇ ಮರಿಗಳು ತಲೆಹಾಕಿ ಮೀನು ತಿನ್ನುವುದನ್ನೆಲ್ಲ ತೋರಿಸಿದಿರಂತೆ. ತಮ್ಮ ಔದಾರ್ಯ ದೊಡ್ಡದು.

ಮಾನ್ಯರೇ, ನನಗೆ ನಿಮ್ಮನ್ನು ನೋಡುವ ಆಸೆ ಅಷ್ಟೇನೂ ಇರಲಿಲ್ಲ. ಮೊದಲ ಸಲ ನಿಮ್ಮನ್ನು ನೋಡುವಾಗ ಮಗಳ ಮುಖ ಹೇಗಿರುತ್ತದೆಂದು ನೋಡಬೇಕಿತ್ತು. ಅದು ನನ್ನ ತಾಯಿಗೆ ಸಿಕ್ಕಿತು. ನನಗೆ ಹೊಟ್ಟೆಕಿಚ್ಚಾಗಿದೆ.

ಆದ್ದರಿಂದ ಮುಂದಿನ ಸಲ ತಾವು ನಮ್ಮೂರ ಕೆರೆ ಏರಿಯ ಮರದಲ್ಲೇ ಗೂಡು ಕಟ್ಟಿ, ಯಾವುದಾದರೊಂದು ಬುಧವಾರ, ಹನ್ನೆರಡಕ್ಕೆ ರಾಹುಕಾಲ ಹುಟ್ಟುವುದರೊಳಗೆ ನಮಗಿಬ್ಬರಿಗೂ ದರ್ಶನ ಕೊಟ್ಟು, ಸಹನಳನ್ನು ಹಿಂದೆಂದೂ ಕಂಡೇ ಇಲ್ಲದವರಂತೆ ನಡೆದುಕೊಳ್ಳಬೇಕಾಗಿ ಪ್ರಾರ್ಥನೆ.

ಇಷ್ಟಾದ ಮೇಲೂ ತಮ್ಮ ವಿಶ್ವಾಸಿ,
ಹೊನ್ನಪ್ಪ ಮೇಷ್ಟ್ರು

ವಿ.ಸೂ.: ಅವತ್ತು ಸಂಜೆ ಬಂದವಳನ್ನು, ಏನೇನು ನೋಡಿದೆ ಮಗಳೇ ಎಂದು ಕೇಳಿದೆ. ಅಜ್ಜಿಗೆ ಎಲ್ಲವನ್ನೂ ಎರಡೆರಡು ಸಲ ಹೇಳಿಕೊಂಡು ನಗುತ್ತಿದ್ದವಳು ನನಗೆ, "ಒಳ್ಳೆ ದಿನ ನೋಡಿ ಯೋಳ್ತೀನಿ ಅಪ್ಪಾಜಿ" ಎಂದಳು. ಆಮೇಲೆ ಎರಡು ಬುಧವಾರ ಬಂದು ಹೋದವು.